ಸಾಹುಕಾರರ ಕಾರು ಇಟ್ಟ ಎಣ್ಣೆಚುಕ್ಕಿ

ಹಳೇ ಕಾರು ಓಡಿಸಿ ಹೊಟ್ಟೆ ಹೊರೆದವನಿಗೆ ನಗುವ ಸಂಗತಿಗಳಿಗೆ ಯಾವತ್ತೂ ಬರ ಬಂದಿಲ್ಲ. ತೊಂದರೆ ಏನೆಂದರೆ, ಅವು ನಗುವ ಸಂಗತಿಗಳು ಅಂತ ಗೊತ್ತಾಗುವುದು ಹತ್ತು ವರ್ಷ ಕಳೆದ ಮೇಲೆ. ನಡೆಯುವಾಗ ಒಂದೊಂದೂ ಪ್ರಾಣ ಹಿಂಡುತ್ತದೆ.

ನಾನು ದಾವಣಗೆರೆಯ ಮಂಡಿಪೇಟೆಯಲ್ಲಿ ಒಬ್ಬ ಶೇಂಗಾ ಸಾಹುಕಾರರ ಹತ್ತಿರ ಡ್ರೈವರಾಗಿದ್ದೆ. ಐವತ್ತರ ದಶಕದ ಕೊನೆಯ ಮಾತು. ಅವರ ಕಾರು ಯುದ್ಧಕ್ಕಿಂತ ಮೊದಲಿನ ವಿಲಾಯಿತಿ ಮಾಲು. ಮೈ ಕಪ್ಪು, ಮೂತಿ ಉದ್ದ. ಹಾರ್ನ್ ಒತ್ತಿದರೆ ಎತ್ತುಗಳು ದಾರಿ ಬಿಡುತ್ತಿದ್ದವು, ಅವುಗಳ ಯಜಮಾನರು ಬಿಡುತ್ತಿರಲಿಲ್ಲ.

ಕಾರಿಗೆ ಇದ್ದ ಕಾಯಿಲೆ ಒಂದೇ. ಹಿಂದಿನ ಎರಡು ಚಕ್ರಗಳ ನಡುವೆ ಉದ್ದಕ್ಕೂ ಒಂದು ಕಬ್ಬಿಣದ ಆಕ್ಸಲ್, ಅದರ ಹೊಟ್ಟೆಯ ತುಂಬ ಗೇರ್ ಎಣ್ಣೆ. ಆ ಎಣ್ಣೆ ಚಕ್ರದ ಕಡೆ ಹರಿದು ಬಾರದಂತೆ ಎರಡೂ ತುದಿಗೆ ಬಳೆಯಂಥ ಒಂದೊಂದು ಸೀಲು. ನಮ್ಮ ಕಾರಿನಲ್ಲಿ ಸೀಲುಗಳು ಇದ್ದವು, ಕೆಲಸ ಮಾತ್ರ ಮಾಡುತ್ತಿರಲಿಲ್ಲ. ನಿಂತಲ್ಲೆಲ್ಲ ಕಪ್ಪಗೆ, ದಪ್ಪಗೆ, ಮೂಗು ಮುಚ್ಚಿಕೊಳ್ಳುವಂಥ ವಾಸನೆಯ ಎಣ್ಣೆ ತೊಟ್ಟಿಕ್ಕುತ್ತಿತ್ತು.

ಆದರೂ ನನಗೆ ಆ ಕಾರೆಂದರೆ ಪ್ರಾಣ. ಡ್ರೈವರಾಗುವ ಮೊದಲು ಅದೇ ಮಂಡಿಯಲ್ಲಿ ಶೇಂಗಾ ಚೀಲದ ಬಾಯಿ ಹೊಲಿಯುತ್ತಿದ್ದವನು ನಾನು. ಖಾಕಿ ಕೋಟು ಹಾಕಿಕೊಂಡು ಸ್ಟೇರಿಂಗ್ ಹಿಡಿದ ಮೇಲೆ ಮತ್ತೆ ದಬ್ಬಣ ಹಿಡಿಯುವ ಮನಸ್ಸು ಯಾರಿಗೆ ಬರುತ್ತದೆ?

ಎಷ್ಟು ಚುಕ್ಕಿ, ಎಷ್ಟು ಸಾಲು

ಸಾಹುಕಾರರ ಮನೆ ಆನೆಕೊಂಡದ ಕಡೆ. ಮುಂದೆ ದೊಡ್ಡ ಮಣ್ಣಿನ ಅಂಗಳ. ಅವರ ತಾಯಿ ಬೆಳಗ್ಗೆ ಎದ್ದವರೇ ಅಂಗಳಕ್ಕೆ ಸಗಣಿ ನೀರು ಹಾಕಿಸಿ, ತಾವೇ ಬಗ್ಗಿ ರಂಗೋಲಿ ಬಿಡುತ್ತಿದ್ದರು. ಓಣಿಯೆಲ್ಲ ಅವರನ್ನು ‘ಅವ್ವಾರು’ ಅನ್ನುತ್ತಿತ್ತು, ನಾನೂ ಅನ್ನುತ್ತಿದ್ದೆ. ಮೊದಲು ಆ ಮನೆಯಲ್ಲಿ ಎರಡು ಬಿಳಿ ಎತ್ತು ಹೂಡುವ ಸವಾರಿ ಬಂಡಿ ಇತ್ತಂತೆ. ಮಗ ಅದನ್ನು ಕೊಟ್ಟು ಕಾರು ತಂದ. ಅವತ್ತಿನಿಂದ ಅವ್ವಾರಿಗೆ ಕಾರು ಕಂಡರೆ ಆಗದು. ಅಮಾವಾಸ್ಯೆಗೆ ಉಕ್ಕಡಗಾತ್ರಿಯ ಗುಡಿಗೆ ಹೋಗುವಾಗ ಮಾತ್ರ ಹತ್ತುತ್ತಿದ್ದರು, ಅದೂ ಮೂಗಿಗೆ ಸೆರಗು ಹಿಡಿದುಕೊಂಡು.

ಅಂಗಳದಲ್ಲಿ ಕಾರು ನಿಲ್ಲಿಸಿದ ಜಾಗದಲ್ಲೆಲ್ಲ ಬೆಳಗ್ಗೆ ಕಪ್ಪು ಚುಕ್ಕಿ. ಸಗಣಿ ನೀರು ಅದರ ಮೇಲೆ ನಿಲ್ಲದು, ಪೊರಕೆಗೆ ಅದು ಜಗ್ಗದು. ನಾನು ಗೋಣಿಚೀಲ ಹಾಸಿ ನೋಡಿದೆ. ಎಣ್ಣೆ ಚೀಲವನ್ನು ಬಿಟ್ಟು ಪಕ್ಕಕ್ಕೇ ಬೀಳುತ್ತಿತ್ತು. ಮರಳು ಹಾಕಿದೆ. ಬೆಕ್ಕು ಬಂದು ಅದನ್ನು ತನ್ನ ಕೆಲಸಕ್ಕೆ ಬಳಸಿಕೊಂಡಿತು. ಅವ್ವಾರ ಕೋಪ ಎರಡು ಪಟ್ಟಾಯಿತು.

ಒಂದು ದಿನ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಅಂಗಳದ ನಡುವೆ ಹಿಂದೆಂದೂ ನೋಡದ ಒಂದು ರಂಗೋಲಿ. ಎಲ್ಲಿಂದೆಲ್ಲಿಗೋ ಹೋಗುತ್ತದೆ, ಸುತ್ತುತ್ತದೆ, ಮತ್ತೆ ವಾಪಸು ಬರುತ್ತದೆ. ಹತ್ತಿರ ಹೋಗಿ ನೋಡಿದರೆ ನನ್ನ ಕಾರಿನ ಎಣ್ಣೆಚುಕ್ಕಿಗಳನ್ನೇ ಸೇರಿಸಿ ಎಳೆ ಎಳೆದಿದ್ದಾರೆ! ನನಗೆ ಖುಷಿಯಾಯಿತು. ಅವ್ವಾರ ಮನಸ್ಸು ಕರಗಿತು ಅಂದುಕೊಂಡೆ.

“ಬಾಳ ಚಂದ ಐತ್ರಿ ಅವ್ವಾರೆ” ಅಂದೆ.

ಅವರು ತಲೆ ಎತ್ತಲಿಲ್ಲ. “ಚುಕ್ಕಿ ಇಟ್ಟೋನು ನೀನು, ಎಳೆ ಎಳದೋಳು ನಾನು. ನಾಳಿಗೆ ಎಷ್ಟು ಚುಕ್ಕಿ, ಎಷ್ಟು ಸಾಲು ಅಂತ ಈಗ್ಲೇ ಹೇಳಿಬಿಡು ತಮ್ಮಾ, ರಂಗೋಲಿ ಪುಡಿ ಸಾಲ್ದೆ ಹೋದೀತು” ಅಂದರು.

ಆಮೇಲೆ ಮಗನನ್ನು ಹೊರಗೆ ಕರೆದು, ನನ್ನ ಎದುರಿಗೇ ತೀರ್ಪು ಕೊಟ್ಟರು. “ಈ ದೀಪಾವಳಿಗೆ ನಾನು ಸಗಣಿಯಾಗ ಹಟ್ಟಿಲಕ್ಕವ್ವನ್ನ ಮಾಡಿ ಕೂರಿಸೋ ಹೊತ್ತಿಗೆ ಅಂಗಳದಾಗ ಒಂದು ತೊಟ್ಟು ಎಣ್ಣಿ ಕಂಡ್ರೂ, ಈ ಮನೆಯಾಗ ಆ ಕಾರು ಇರಬೇಕು, ಇಲ್ಲಾ ನಾನಿರಬೇಕು.”

ಸಾಹುಕಾರರು ತಾಯಿ ಹಾಕಿದ ಗೆರೆ ದಾಟುವವರಲ್ಲ. ನನ್ನ ಕಡೆ ತಿರುಗಿ, “ದೀಪಾವಳಿ ಒಳಗ ಎಣ್ಣಿ ನಿಲ್ಲಿಸು. ಇಲ್ಲಾಂದ್ರೆ ಕಾರು ಮಾರ್ತೀನಿ. ನೀನು ಮಂಡಿಗೆ ಬಂದು ಮೊದ್ಲಿನಂಗೆ ಚೀಲ ಹೊಲಿ” ಅಂದರು.

ಹಿಂಡುವ ಕಾರು

ಮಂಡಿಪೇಟೆಯಲ್ಲಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದರೆ ಇನ್ನೊಂದು ತರಹದ ಪಜೀತಿ. ಶೇಂಗಾ ತಂದ ಬಂಡಿಗಳು ಸಾಲಾಗಿ ನಿಂತಿರುತ್ತಿದ್ದವು. ಬಂಡಿಯವರು ಚಕ್ರದ ಅಚ್ಚಿಗೆ ಹಚ್ಚುವ ಕೀಲೆಣ್ಣೆಯನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಬಂಡಿಯ ಕೆಳಗೆ ನೇತುಹಾಕಿಕೊಂಡಿರುತ್ತಾರೆ. ನನ್ನ ಕಾರಿನ ಎಣ್ಣೆ ಅದಕ್ಕಿಂತ ಉತ್ತಮ ಅಂತ ಒಬ್ಬ ಮುದುಕ ಬಂಡಿಯವನು ಕಂಡುಹಿಡಿದ. ಕಂಡುಹಿಡಿದವನು ಸುಮ್ಮನಿದ್ದನೇ, ಊರಿಗೆಲ್ಲ ಹೇಳಿದ.

ದಿನಾ ನಾನು ಕಾರು ನಿಲ್ಲಿಸಿ ಕೆಳಗಿಳಿಯುವುದರೊಳಗೆ ಹಿಂದಿನ ಎರಡೂ ಚಕ್ರದ ಅಡಿ ಒಂದೊಂದು ತೆಂಗಿನ ಚಿಪ್ಪು ಬಂದು ಕೂತಿರುತ್ತಿತ್ತು. ಎಡಗಡೆ ಚಕ್ರ ಹದಡಿ ಕಡೆಯವರಿಗೆ, ಬಲಗಡೆ ಚಕ್ರ ಹೊನ್ನಾಳಿ ಕಡೆಯವರಿಗೆ ಅಂತ ಅವರವರೇ ಹಂಚಿಕೊಂಡಿದ್ದರು. ಬಲಗಡೆಯದು ಸ್ವಲ್ಪ ಹೆಚ್ಚು ಸೋರುತ್ತದೆ ಅಂತ ಅವರವರಲ್ಲಿ ಜಗಳವೂ ಆಯಿತು. ಪಂಚಾಯ್ತಿ ಮಾಡಲು ನನ್ನನ್ನೇ ಕರೆದರು. ವಾರಕ್ಕೊಮ್ಮೆ ಚಕ್ರ ಬದಲಾಯಿಸಿಕೊಳ್ಳಿ ಅಂತ ತೀರ್ಮಾನ ಕೊಟ್ಟೆ. ಇಬ್ಬರೂ ಒಪ್ಪಿದರು.

ಅಷ್ಟರಲ್ಲಿ ನಾನು ಚಕ್ರ ಬಿಚ್ಚಿ, ಹಳೇ ಸೀಲುಗಳ ಹಿಂದೆ ಎಣ್ಣೆಯಲ್ಲಿ ನೆನೆಸಿದ ದಪ್ಪ ದಾರ ಸುತ್ತಿ ಕೂರಿಸಿದೆ. ಒಂದು ಇಡೀ ದಿನ ಒಂದು ತೊಟ್ಟು ಬೀಳಲಿಲ್ಲ. ನಾನು ಎದೆ ಉಬ್ಬಿಸಿಕೊಂಡು ಕಾರಿಗೆ ಒರಗಿ ನಿಂತಿದ್ದೆ. ಆ ಮುದುಕ ಬಂದ, ಚಿಪ್ಪು ನೋಡಿದ, ಕೆಳಗೆ ಬಗ್ಗಿ ನೋಡಿದ, ನನ್ನ ಮುಖ ನೋಡಿದ.

“ಯಾಕ್ರೀ ಡ್ರೈವರ್ರೆ, ಬತ್ತಿ ಹೋತಾ?” ಅಂದ.

“ರಿಪೇರಿ ಮಾಡ್ದೆ ಅಜ್ಜಾ.”

“ಹಾಲು ಕರಿಯೋ ದನಕ್ಕ ಯಾರಾದ್ರೂ ರಿಪೇರಿ ಮಾಡ್ತಾರೇನ್ರಿ?” ಅಂತ ಮುಖ ಸಿಂಡರಿಸಿಕೊಂಡು ಹೋದ.

ಮಾರನೆಯ ದಿನ ದಾರ ಎಲ್ಲ ಕೊಚ್ಚಿಕೊಂಡು ಬಂದು ಎಣ್ಣೆ ಮೊದಲಿಗಿಂತ ಜೋರಾಗಿ ಇಳಿಯಿತು. ನಾನು ತಲೆ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದೆ. ಮುದುಕ ನಗುನಗುತ್ತ ಬಂದು ಎರಡು ಹಿಡಿ ಹಸಿ ಶೇಂಗಾ ನನ್ನ ಮಡಿಲಿಗೆ ಹಾಕಿ, “ತಗೋರಿ. ಹಿಂಡಿ ಹಾಕಿದ್ರೇನೇ ಹಾಲು” ಅಂದ.

ಹೊಸದು, ಎರಡು ದಿನ ಕಚ್ಚುತ್ತೆ

ಹೊಸ ಸೀಲಿಗೆ ಬೊಂಬಾಯಿಗೆ ಕಾಗದ ಬರೆದೆವು. ನಾಲ್ಕು ತಿಂಗಳ ಮೇಲೆ ಪಾರ್ಸಲ್ ಬಂತು. ಬಿಚ್ಚಿದರೆ ನನ್ನ ಮೊಣಕೈವರೆಗೆ ಬಳೆಯ ಹಾಗೆ ತೊಡಬಹುದಾದ ಗಾತ್ರದ ಎರಡು ಸೀಲು. ಯಾವುದೋ ಲಾರಿಯವು. ಸಾಹುಕಾರರ ಕಿರಿ ಮಗಳು ಅವನ್ನು ತಗೊಂಡು ಕಸೂತಿ ಹಾಕುವಾಗ ಬಟ್ಟೆ ಬಿಗಿಯಲು ಇಟ್ಟುಕೊಂಡಳು. ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದವು.

“ತೊಗಲಿನಾಗ ಮಾಡ್ಸು, ನಾವೆಲ್ಲ ಅದೇ ಹಾಕೋದು” ಅಂತ ಹತ್ತಿ ಮಿಲ್ಲಿನ ಲಾರಿ ಡ್ರೈವರೊಬ್ಬ ಹೇಳಿದ. ಹಳೇ ಊರಿನಲ್ಲಿ ಮೆಟ್ಟು ಹೊಲಿಯುವ ಒಬ್ಬ ಯಜಮಾನರು ಇದ್ದರು. ಅವರು ಹೊಲಿದ ಮೆಟ್ಟು ಐದು ವರ್ಷ ಹರಿಯುವುದಿಲ್ಲ ಅಂತ ಹೆಸರು. ಹಳೇ ಸೀಲು ತಗೊಂಡು ಹೋದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು, “ಎಡಗಾಲಿಗೋ, ಬಲಗಾಲಿಗೋ?”

“ಎರಡಕ್ಕೂ ಬೇಕು. ಎರಡೂ ಒಂದೇ” ಅಂದೆ.

“ಎರಡೂ ಹೆಂಗೆ ಒಂದೇ ಆಗ್ತಾವ್ರಿ? ನಡಿಯೋದು ಅಂದ ಮ್ಯಾಲೆ ಒಂದು ಎಡ, ಒಂದು ಬಲ ಇರೋದೇ. ನೀವು ಸುಮ್ನಿರ್ರಿ, ನನಗೆ ಗೊತ್ತೈತೆ.”

ಅವರ ಕಸುಬಿನ ಮೇಲೆ ನನಗಿದ್ದ ಗೌರವದಲ್ಲಿ ನಾನು ಸುಮ್ಮನಾದೆ. ಮೂರು ದಿನದ ಮೇಲೆ ಹೋದರೆ ಎರಡು ಬಳೆ ತಯಾರು. ಎಷ್ಟು ಅಂದವಾದ ಕೆಲಸ ಅಂದರೆ, ಚಕ್ರದೊಳಗೆ ಮುಚ್ಚಿಡಲು ಹೊಟ್ಟೆ ಉರಿಯುತ್ತಿತ್ತು. ಅಂಚಿಗೆಲ್ಲ ಸಣ್ಣ ಹೊಲಿಗೆ. ಒಂದರ ಮೇಲೆ ಎಡಕ್ಕೆ ಬಾಗಿದ ಹೂವು, ಇನ್ನೊಂದರ ಮೇಲೆ ಬಲಕ್ಕೆ ಬಾಗಿದ ಹೂವು. ಹಾಕಿದೆ. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಎಷ್ಟು ಬಿಗಿ ಅಂದರೆ ಕಾರು ಮೇಲಿನ ಗೇರಿಗೆ ಬರಲು ಒಲ್ಲೆ ಅನ್ನುತ್ತಿತ್ತು, ಹಿಂದೆ ಯಾರೋ ಹಗ್ಗ ಹಿಡಿದು ಜಗ್ಗಿದ ಹಾಗೆ. ವಾಪಸು ಹೋಗಿ ಯಜಮಾನರಿಗೆ ಹೇಳಿದೆ.

ಅವರಿಗೆ ಒಂಚೂರೂ ಗಾಬರಿಯಿಲ್ಲ. “ಹೊಸದಲ್ವೇನ್ರಿ, ಎರಡು ದಿನ ಕಚ್ಚುತ್ತೆ. ರಾತ್ರಿ ಒಂಚೂರು ಎಣ್ಣಿ ಹಚ್ಚಿ ಇಡ್ರಿ” ಅಂದರು.

ಎಣ್ಣೆ ನಿಲ್ಲಿಸಬೇಕು ಅಂತಲೇ ಮಾಡಿಸಿದ ಸೀಲಿಗೆ ಎಣ್ಣೆ ಹಚ್ಚಿ ಅನ್ನುತ್ತಾರಲ್ಲ ಅಂತ ಗೊಣಗಿಕೊಂಡು ಬಂದೆ. ಎರಡು ದಿನ ಕಚ್ಚಿತು. ಮೂರನೆಯ ದಿನ ಸಡಿಲಾಯಿತು. ನಾಲ್ಕನೆಯ ದಿನ ಅಂಗಳದಲ್ಲಿ ಚುಕ್ಕಿ. ಈ ಸಾರಿ ನಾನೇ ಸಿಟ್ಟಿನಿಂದ ಹೋದೆ. ಯಜಮಾನರು ಪೂರಾ ಕೇಳಿ, ತಲೆ ಅಲ್ಲಾಡಿಸಿ ಅಂದರು, “ನನ್ನ ಕೆಲಸದಾಗ ತಪ್ಪಿಲ್ಲ ಬಿಡ್ರಿ. ನಿಮ್ಮ ಕಾರಿನ ನಡಿಗೆನೇ ಸೊಟ್ಟ ಇರಬೇಕು.”

ಬೀಗರ ಮನೆ ದಾಟಿ

ಎಣ್ಣೆ ಸುಮ್ಮನೆ ನೆಲಕ್ಕೆ ಬಿದ್ದಿದ್ದರೆ ಆಗುತ್ತಿತ್ತು. ಚಕ್ರದ ಒಳಗಿನ ಬ್ರೇಕಿಗೂ ಅದು ಹತ್ತುತ್ತಿತ್ತು. ಎಣ್ಣೆ ಕುಡಿದ ಬ್ರೇಕು ಒತ್ತಿದರೆ ಕಾರು ನಿಲ್ಲುತ್ತದೆ, ಆದರೆ ತನಗೆ ಬೇಕಾದಾಗ. ಮುಂದಿನ ಬ್ರೇಕು ಮೊದಲಿನಿಂದಲೂ ಅಷ್ಟಕ್ಕಷ್ಟೆ.

ಸಾಹುಕಾರರ ಹಿರಿ ಮಗಳನ್ನು ಹರಿಹರಕ್ಕೆ ಕೊಟ್ಟಿದ್ದರು. ಬೀಗರು ಮರ್ಯಾದಸ್ಥರು. ಕಾರು ಬರುತ್ತದೆ ಅಂದರೆ ಮನೆಮಂದಿಯೆಲ್ಲ ಬಾಗಿಲಿಗೆ ಬಂದು, ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ನಿಲ್ಲುವವರು. ಒಂದು ದಿನ ಹನ್ನೊಂದು ಗಂಟೆ ಸುಮಾರಿಗೆ ಅವರ ಬೀದಿಗೆ ತಿರುಗಿದೆ. ದೂರದಿಂದಲೇ ಬ್ರೇಕು ಒತ್ತಿದೆ. ಕಾರು ನಡೆಯುವವನ ವೇಗಕ್ಕೆ ಬಂತು, ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ಬೀಗರು ಕೈ ಮುಗಿದರು. ಹಿಂದಿನ ಸೀಟಿನಿಂದ ನಮ್ಮ ಸಾಹುಕಾರರೂ ಕೈ ಮುಗಿದರು. ಮುಗಿದ ಕೈ ಮುಗಿದ ಹಾಗೇ ಮುಂದೆ ಹೋದರು.

“ನಿಲ್ಸಲೇ!” ಅಂದರು.

“ನಿಲ್ಸಿದೀನ್ರಿ ಸಾವ್ಕಾರ್ರೆ, ನಿಂತಿಲ್ಲ.”

ಹಿಟ್ಟಿನ ಗಿರಣಿ ದಾಟಿ ನಿಂತಿತು. ತಿರುಗಿಸಿಕೊಂಡು ಬಂದೆ. ಈ ಸಾರಿ ಆ ಕಡೆಯಿಂದ ಈ ಕಡೆಗೆ ದಾಟಿ ಹೋದೆವು. ಸಾಹುಕಾರರು ಕಿಟಕಿಯಿಂದ ತಲೆ ಹಾಕಿ, “ಬಂದ್ವಿ ಬೀಗ್ರೆ, ಬಂದ್ವಿ” ಅಂತ ಹೇಳುತ್ತ ಹೋದರು. ಮೂರನೆಯ ಸಾರಿ ಗೇರು ಇಳಿಸಿ, ಇಂಜಿನ್ನೇ ಆಫ್ ಮಾಡಿ, ಬೀಗರ ಮನೆಯಿಂದ ಮೂರು ಮನೆ ಆಚೆಗೆ ಹೇಗೋ ನಿಲ್ಲಿಸಿದೆ. ಸಾಹುಕಾರರು ಇಳಿದು ಬಿಸಿಲಿನಲ್ಲಿ ನಡೆದುಕೊಂಡು ಬಂದರು. ಬೀಗರು ಗಂಭೀರವಾಗಿ ಕೇಳಿದರು, “ಪ್ರದಕ್ಷಿಣೆ ಮುಗೀತ್ರೇನು?”

ನಗುವ ಮಾತು ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ತಿಂಗಳು ನಾವು ಹೋದಾಗ ಬೀಗರ ಬಾಗಿಲಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಸಾಹುಕಾರರ ಮುಖ ಸಣ್ಣದಾಯಿತು. ಮುಂದೆ ನೋಡಿದರೆ, ಮೂರು ಮನೆ ಆಚೆ ಯಾರದೋ ಜಗಲಿಯ ಮುಂದೆ ಚಾಪೆ ಹಾಸಿ, ತಂಬಿಗೆ ಹಿಡಿದು, ಇಡೀ ಬೀಗರ ಸಂಸಾರ ಕಾಯುತ್ತ ನಿಂತಿದೆ!

ಹಣೆಗೆ ಹಚ್ಚಿದ್ದು

ದೀಪಾವಳಿಗೆ ಒಂದು ವಾರ ಉಳಿಯಿತು. ಚಿತ್ರದುರ್ಗದ ಕಡೆಯವನೊಬ್ಬ ಕಾರಿನ ಇಂಜಿನ್ನು ಕಿತ್ತು ಹಿಟ್ಟಿನ ಗಿರಣಿಗೆ ಹಾಕಿಕೊಳ್ಳುತ್ತೇನೆ ಅಂತ ಸಾಹುಕಾರರ ಹತ್ತಿರ ಮಾತಾಡಿ ಹೋಗಿದ್ದ. ನನಗೆ ಅನ್ನ ಸೇರುತ್ತಿರಲಿಲ್ಲ. ಮಂಡಿಯ ಗುಮಾಸ್ತರು ಒಂದು ದಿನ ತಮಾಷೆಗೆ ನನ್ನ ಹಳೇ ದಬ್ಬಣ ತೋರಿಸಿ, “ತುಕ್ಕು ತೆಗೆಸಿ ಇಟ್ಟೀನಿ” ಅಂದರು. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಕೊನೆಯ ಪ್ರಯತ್ನ ಅಂತ, ಬೀಗರು ಹೇಳಿದ ಒಬ್ಬ ಮಿಸ್ತ್ರಿಯ ಹತ್ತಿರ ಹರಿಹರಕ್ಕೆ ಹೋದೆವು. ಹೊಳೆಯ ದಾರಿಯಲ್ಲಿ ಬೇವಿನ ಮರದಡಿ ಅವರ ಶೆಡ್ಡು. ಹಾಗೇ ಉಕ್ಕಡಗಾತ್ರಿಗೆ ಹೋಗಿಬರುವುದು ಅಂತ ಅವ್ವಾರೂ ಬಂದಿದ್ದರು. ಅವರಿಗೆ ಮರದಡಿ ಒಂದು ಸ್ಟೂಲು ಹಾಕಿದರು. ಸಾಹುಕಾರರು ನಿಂತೇ ಇದ್ದರು.

ಮಿಸ್ತ್ರಿ ಎರಡೂ ಚಕ್ರ ಬಿಚ್ಚಿ ನೋಡಿದರು. “ಸೀಲ್ ಚಲೋ ಐತಲ್ರಿ. ಯಾರ ಕೆಲಸ ಇದು? ಹೂವು ಬ್ಯಾರೆ ಹಾಕ್ಯಾರೆ” ಅಂದರು. ಆಮೇಲೆ ಕಾರಿನಡಿ ಮಲಗಿ ಆಕ್ಸಲ್ಲಿನ ಉದ್ದಕ್ಕೂ ಕೈಯಾಡಿಸಿದರು. ಕೊನೆಗೆ ಕೆಳಗಿನಿಂದ ದನಿ ಬಂತು, “ಅರೆ ಡ್ರೈವರ್ ಸಾಬ್, ಆಕ್ಸಲ್ ಮ್ಯಾಲೆ ಸಿಮೆಂಟ್ ಯಾಕ ಹಾಕೀರಿ?”

“ಸಿಮೆಂಟಾ?” ಅಂದರು ಸಾಹುಕಾರರು.

ಸ್ಕ್ರೂಡ್ರೈವರಿನಿಂದ ಕೆರೆಯುವ ಸದ್ದಾಯಿತು. ಹೋಳಿಗೆಯಷ್ಟು ಅಗಲದ, ಬೆರಳು ದಪ್ಪದ ಒಂದು ಬಿಳಿ ಹಕ್ಕಳೆ ನೆಲಕ್ಕೆ ಬಿತ್ತು. ಅದರ ಮೇಲೆ ಮೂರು ಬೆರಳಿನ ಗುರುತು ಸ್ಪಷ್ಟವಾಗಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅದು ವಿಭೂತಿ. ನಾನು ಡ್ರೈವರಾದ ಮೊದಲ ಆಯುಧಪೂಜೆಯ ದಿನ ಅವ್ವಾರು ವಿಭೂತಿ ಗಟ್ಟಿ ನನ್ನ ಕೈಗೆ ಕೊಟ್ಟು, “ಕಾಣೋ ಕಡೆ ಎಲ್ರೂ ಹಚ್ತಾರೆ ತಮ್ಮಾ, ನೀನು ಅಡೀಗೂ ಹಚ್ಚು” ಅಂದಿದ್ದರು. ನಾನು ಗಟ್ಟಿಯಾಗಿ ತೇಯ್ದು, ಕಾರಿನಡಿ ಮಲಗಿ, ಆಕ್ಸಲ್ಲಿನ ಗುಂಡು ಹೊಟ್ಟೆಯ ಮೇಲ್ಭಾಗವೇ ಅದರ ಹಣೆ ಅಂತ ತಿಳಿದು ಮೂರು ಬೆರಳಲ್ಲಿ ಬಳಿದಿದ್ದೆ. ಎಣ್ಣೆ ಸೋರುವುದು ಶುರುವಾದ ಮೇಲೆ ಭಯಭಕ್ತಿ ಹೆಚ್ಚಿ ಸೋಮವಾರ ಸೋಮವಾರ ಬಳಿಯತೊಡಗಿದೆ. ಸೋರಿದಷ್ಟೂ ಬಳಿದೆ. ಬಳಿದಷ್ಟೂ ಸೋರಿತು. ಎಣ್ಣೆ, ಧೂಳು, ವಿಭೂತಿ ಸೇರಿ ಮೂರು ವರ್ಷದಲ್ಲಿ ಗಾರೆಯಾಗಿತ್ತು.

ಮಿಸ್ತ್ರಿ ಹೊರಗೆ ಬಂದು ಕೂತು ಬಿಡಿಸಿ ಹೇಳಿದರು. “ಓಡೋವಾಗ ಒಳಗೆ ಎಣ್ಣಿ ಕಾಯ್ತೈತೆ. ಕಾದ ಗಾಳಿ ಹೊರಗ ಹೋಗಾಕ ಮ್ಯಾಲೆ ಒಂದು ಸಣ್ಣ ತೂತು ಇಟ್ಟಿರ್ತಾರೆ. ಇವರು ಅದರ ಮ್ಯಾಲೇ ಬಳದಾರೆ. ಗಾಳಿ ಎಲ್ಲಿಗೆ ಹೋಗಬೇಕು? ಎಣ್ಣಿನ ತಳ್ಕೊಂಡು ಚಕ್ರದ ಕಡೆ ಹೋಗ್ತೈತೆ. ನೀವು ಸಾವಿರ ಸೀಲ್ ಹಾಕ್ರಿ, ನಿಲ್ಲಂಗಿಲ್ಲ.” ಮತ್ತೆ ಅಡಿಗೆ ಹೋಗಿ ತಂತಿಯಿಂದ ಚುಚ್ಚಿದರು. ಪುಸ್ ಅಂತ ಸದ್ದಾಯಿತು. ಮೂರು ವರ್ಷ ಹಿಡಿದಿಟ್ಟ ಉಸಿರು ಬಿಟ್ಟಂತಿತ್ತು.

ಬ್ರೇಕು ತೊಳೆದು, ಚಕ್ರ ಹಾಕಿ, “ಉಕ್ಕಡಗಾತ್ರಿಗೆ ಹೋಗಿ ಬರ್ರಿ, ಆಮೇಲೆ ನೋಡಾಣ” ಅಂದರು. ಹೋದೆವು. ದಾರಿಯುದ್ದಕ್ಕೂ ಸಾಹುಕಾರರ ಉಸಿರು ನನ್ನ ಕತ್ತಿಗೆ ಬಿಸಿಯಾಗಿ ತಾಗುತ್ತಿತ್ತು. ಗುಡಿಯಲ್ಲಿ ಅವ್ವಾರು ಬಹಳ ಹೊತ್ತು ಕೈ ಮುಗಿದು ನಿಂತರು.

ವಾಪಸು ಬಂದಾಗ ಮಧ್ಯಾಹ್ನ ಇಳಿದಿತ್ತು. ಮಿಸ್ತ್ರಿ ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದ ಪೇಪರ್ ಬಿಡಿಸಿ ಎರಡು ತುಂಡು ಮಾಡಿ ಚಕ್ರಗಳಡಿ ಹಾಸಿದರು. ನಾಲ್ಕೂ ಜನ ಆ ಪೇಪರನ್ನೇ ನೋಡುತ್ತ ಕೂತೆವು. ಚಹಾ ಬಂತು, ಕುಡಿದೆವು. ಇನ್ನೊಂದು ಸಾರಿ ಚಹಾ ಬಂತು. ಒಂದು ಗಂಟೆಯಾದ ಮೇಲೆ ಮಿಸ್ತ್ರಿ ಪೇಪರ್ ಎತ್ತಿ ಸಾಹುಕಾರರ ಕೈಗೆ ಕೊಟ್ಟರು. ಒಂದು ತೊಟ್ಟು ಇಲ್ಲ! ಸಾಹುಕಾರರು ಅದನ್ನು ಎರಡೂ ಕಡೆ ತಿರುಗಿಸಿ ನೋಡಿದರು. “ಚಿತ್ರದುರ್ಗದೋನಿಗೆ ಬರೋದು ಬ್ಯಾಡ ಅಂತ ಕಾಗದ ಹಾಕಿಬಿಡು” ಅಂದರು. ನನಗೆ ಜೀವ ಬಂತು. ಆದರೆ ಆ ಮಾತು ಮುಗಿಸಿದವರೇ ಪೂರಾ ನನ್ನ ಕಡೆ ತಿರುಗಿದರು.

“ಮೂರು ವರ್ಷ! ಮೂರು ವರ್ಷ ಊರಾಗ ನನ್ನ ಮರ್ಯಾದೆ ಹೋತು. ಬೀಗರು ಇವತ್ತಿಗೂ ಮೂರು ಮನೆ ಆಚೆ ಚಾಪೆ ಹಾಸ್ತಾರೆ. ಎಲ್ಲಾ ನಿನ್ನ ಕೈಯಾಗಿಂದ! ನಿನಗೇನು ಅನ್ಲಿ ನಾನು?”

ನಾನು ಎರಡೂ ಕೈ ಜೋಡಿಸಿ ತಲೆ ಬಗ್ಗಿಸಿ ನಿಂತೆ. “ಭಕ್ತಿಯಿಂದ ಹಚ್ಚಿದ್ದು ಸಾವ್ಕಾರ್ರೆ” ಅಂದೆ.

ಆಗ ಸ್ಟೂಲಿನ ಮೇಲಿಂದ ಅವ್ವಾರು ಎದ್ದರು.

“ಅವನಿಗೆ ಯಾಕ ಬೈತೀಯೋ? ಹಚ್ಚಿದ್ದಷ್ಟೇ ಅವನು, ಬೇಡಿಕೊಂಡಿದ್ದು ನಾನು. ಈ ಕಾರು ನಮ್ಮನಿ ಬಾಗ್ಲು ಬಿಟ್ಟು ತೊಲಗಲಿ ತಂದೇ ಅಂತ ಹೇಳ್ಕೊಂಡೇ ವಿಭೂತಿ ಕೊಟ್ಟಿದ್ದೆ. ಆ ಶಿವ, ಪಾಪ, ಮೂರು ವರ್ಷ ಆ ಎಣ್ಣಿಯಾಗ ಕುಂತು ತನ್ನ ಕೈಲಾದಷ್ಟು ಮಾಡಿದ. ಇನ್ನೊಂದು ವಾರ ಬಿಟ್ಟಿದ್ರೆ ಕೆಲಸ ಮುಗಿಸ್ತಿದ್ದ. ಅಷ್ಟರಾಗ ನೀವು ಅವನಿಗೆ ತಂತಿ ಚುಚ್ಚಿ ಎಬ್ಬಿಸಿ ಕಳಿಸಿದ್ರಿ!”